ದೊಡ್ಡಮ್ಮನ ಮನೆಯ ಹುಡುಗ

ಚಿತ್ರಕಥೆಯ ಪುಸ್ತಕಗಳ ಬಗ್ಗೆ ಬಾನುಲಿಯಲ್ಲಿ ಮಾತನಾಡಲು ಹೊರಟವನಿಗೆ ಎರಡು ಬಗೆಯ ಸಂಕೋಚ. ಸಾಹಿತ್ಯವನ್ನು ಗಂಭೀರವಾಗಿ ಓದುವವರು, “ಇದೇನು, ಇವರಿಗೂ ಮಕ್ಕಳಾಟದ ಚಪಲ ಹತ್ತಿತೆ?” ಎಂದು ಹುಬ್ಬೇರಿಸಬಹುದು. ಆ ಪುಸ್ತಕಗಳನ್ನೇ ಓದಿ ಬೆಳೆದ ಹುಡುಗರು, “ಈ ಮುದುಕರಿಗೆ ಇದರಲ್ಲಿ ಏನು ಗೊತ್ತು?” ಎಂದು ನಗಬಹುದು. ಇಬ್ಬರ ಕ್ಷಮೆಯನ್ನೂ ಮೊದಲಿಗೇ ಬೇಡಿಕೊಂಡು ಮಾತಿಗೆ ತೊಡಗುತ್ತೇನೆ.

ಬೇಸಗೆ ರಜೆಗೆ ಬಂದಿದ್ದ ನನ್ನ ಮೊಮ್ಮಗ ಊರಿಗೆ ಹಿಂತಿರುಗುವಾಗ ಒಂದು ಕಟ್ಟು ಪುಸ್ತಕವನ್ನು ನಮ್ಮ ಮನೆಯಲ್ಲೇ ಬಿಟ್ಟುಹೋದ. ಮಳೆಗಾಲದ ಒಂದು ಮಧ್ಯಾಹ್ನ ಬೇರೇನೂ ತೋಚದೆ ಅದನ್ನು ಬಿಚ್ಚಿದೆ. ಸ್ಪೈಡರ್‌ಮ್ಯಾನ್ ಎಂಬ ಅತಿಮಾನವನ ಕಥೆಗಳು. ಕೆಂಪು ನೀಲಿ ಉಡುಪು, ಮುಖವನ್ನೆಲ್ಲ ಮುಚ್ಚಿದ ಮುಸುಕು, ಗೋಡೆಗಳ ಮೇಲೆ ಜೇಡದಂತೆ ಹತ್ತುವ ಚಮತ್ಕಾರ. ಇಷ್ಟೇ ಆಗಿದ್ದರೆ ನಾನು ಪುಸ್ತಕವನ್ನು ಮಡಿಸಿ ಇಡುತ್ತಿದ್ದೆ. ಆದರೆ ಪುಟ ಮಗುಚುತ್ತಿದ್ದಂತೆ ನನ್ನ ಕಣ್ಣು ನಾಯಕನನ್ನು ಬಿಟ್ಟು ಅವನ ಮನೆಯ ಕಡೆಗೇ ಹರಿಯತೊಡಗಿತು. ಆ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ. ನನ್ನ ಇಂದಿನ ಮಾತು ಹೆಚ್ಚಾಗಿ ಅವಳನ್ನು ಕುರಿತದ್ದು.

ಕಥೆ ಮೊದಲು ಅಚ್ಚಾದದ್ದು 1962ರ ಆಗಸ್ಟ್ ತಿಂಗಳ ತಾರೀಖು ಹೊತ್ತ ‘ಅಮೇಜಿಂಗ್ ಫ್ಯಾಂಟಸಿ’ ಎಂಬ ಪತ್ರಿಕೆಯ 15ನೆಯ ಸಂಚಿಕೆಯಲ್ಲಿ. ಬರೆದವರು ಸ್ಟ್ಯಾನ್ ಲೀ, ಚಿತ್ರಿಸಿದವರು ಸ್ಟೀವ್ ಡಿಟ್ಕೊ. ಇಬ್ಬರೂ 2018ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಆ ಪತ್ರಿಕೆಗೆ ಅದೇ ಕೊನೆಯ ಸಂಚಿಕೆ. ಮುಳುಗುವ ಹಡಗಿನಲ್ಲಿ ಏನು ತುಂಬಿದರೇನು ಎಂಬ ಧೈರ್ಯದಿಂದಲೇ ಈ ಕಥೆಗೆ ಜಾಗ ಸಿಕ್ಕಿತೆಂದು ಲೀ ಹೇಳಿಕೊಳ್ಳುತ್ತಿದ್ದರು. ಜೇಡವೆಂದರೆ ಜನ ಅಸಹ್ಯಪಡುತ್ತಾರೆ, ಹದಿಹರೆಯದ ಹುಡುಗ ನಾಯಕನಾಗಲಾರ, ಅತಿಮಾನವನಿಗೆ ಮನೆಯ ತಾಪತ್ರಯಗಳೇಕೆ ಎಂಬುದು ಪ್ರಕಾಶಕರ ಆಕ್ಷೇಪವಾಗಿತ್ತಂತೆ. ಪ್ರಕಾಶಕರದು ತಪ್ಪಲ್ಲ. 1938ರಲ್ಲಿ ಬಂದ ಸೂಪರ್‌ಮ್ಯಾನ್ ಬೇರೊಂದು ಗ್ರಹದಿಂದ ಇಳಿದವನು. 1939ರಲ್ಲಿ ಬಂದ ಬ್ಯಾಟ್‌ಮ್ಯಾನ್ ಕೋಟ್ಯಧೀಶ. ಹುಡುಗರಿಗೆ ಆ ಲೋಕದಲ್ಲಿ ಇದ್ದದ್ದು ಬೆಂಬಲಿಗನ ಪಾತ್ರ. ಬ್ಯಾಟ್‌ಮ್ಯಾನನ ಹಿಂದೆ ಓಡಾಡುವ ರಾಬಿನ್ ಅಂಥವನು. ಹುಡುಗನೊಬ್ಬ ತಾನೇ ನಾಯಕನಾಗಿ, ಬೆನ್ನಿಗೆ ಯಾವ ಹಿರಿಯ ವೀರನೂ ಇಲ್ಲದೆ ನಿಂತದ್ದು ಇಲ್ಲಿಯ ಹೊಸತು.

ಹುಡುಗನ ಹೆಸರು ಪೀಟರ್ ಪಾರ್ಕರ್. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿರುವ ಫಾರೆಸ್ಟ್ ಹಿಲ್ಸ್ ಎಂಬ ಬಡಾವಣೆಯಲ್ಲಿ ವಾಸ. ತಂದೆತಾಯಿಗಳಿಲ್ಲ. ಸಾಕಿದವರು ಅಂಕಲ್ ಬೆನ್ ಮತ್ತು ಆಂಟಿ ಮೇ. ಇಂಗ್ಲಿಷಿನ ಈ ಎರಡು ಶಬ್ದಗಳು ಎಷ್ಟು ಬಡವು ನೋಡಿ! ಸೋದರಮಾವನೋ ಚಿಕ್ಕಪ್ಪನೋ, ಅತ್ತೆಯೋ ಚಿಕ್ಕಮ್ಮನೋ ಎಂಬುದನ್ನು ಅವು ಹೇಳುವುದೇ ಇಲ್ಲ. ಬೆನ್ ಎಂಬಾತ ಪೀಟರನ ತಂದೆಗೆ ಅಣ್ಣ. ಹಾಗಾಗಿ ನಮ್ಮ ಲೆಕ್ಕದಲ್ಲಿ ಆತ ದೊಡ್ಡಪ್ಪ, ಮೇ ದೊಡ್ಡಮ್ಮ. ಕನ್ನಡದ ಈ ಮಾತುಗಳಲ್ಲಿ ಅಪ್ಪನೂ ಅಮ್ಮನೂ ಆಗಲೇ ಬಂದು ಕುಳಿತಿದ್ದಾರೆ. ಹೆತ್ತವರು ಹೋದ ಮೇಲೂ ಮಗುವಿಗೆ ಒಬ್ಬ ಅಪ್ಪ, ಒಬ್ಬ ಅಮ್ಮ ಉಳಿದಿರಲಿ ಎಂದೇ ನಮ್ಮ ಹಿರಿಯರು ಆ ಹೆಸರುಗಳನ್ನು ಕಟ್ಟಿದರೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಇನ್ನು ಮುಂದೆ ಅವರನ್ನು ಹಾಗೆಯೇ ಕರೆಯುತ್ತೇನೆ.

ಮೊದಲ ಕಥೆ ಬರಿಯ 11 ಪುಟಗಳದು. ದೊಡ್ಡಮ್ಮ ಬೆಳಗ್ಗೆ ಹುಡುಗನಿಗೆ ಪ್ರಿಯವಾದ ಗೋಧಿಹಿಟ್ಟಿನ ದೋಸೆಯಂಥ ತಿಂಡಿ ಮಾಡುತ್ತಾಳೆ. ದೊಡ್ಡಪ್ಪ ಅವನು ಬಹುದಿನದಿಂದ ಆಸೆಪಟ್ಟಿದ್ದ ಸೂಕ್ಷ್ಮದರ್ಶಕವನ್ನು ತಂದುಕೊಡುತ್ತಾನೆ. ಶಾಲೆಯಲ್ಲಿ ಎಲ್ಲರ ಗೇಲಿಗೆ ಗುರಿಯಾದ ಹುಡುಗನಿಗೆ ಮನೆಯೊಂದೇ ನೆರಳು. ಒಂದು ವಿಜ್ಞಾನ ಪ್ರದರ್ಶನದಲ್ಲಿ ವಿಕಿರಣ ತಗುಲಿದ ಜೇಡವೊಂದು ಅವನನ್ನು ಕಚ್ಚುತ್ತದೆ. ಜೇಡದ ಶಕ್ತಿ ಮೈಗೆ ಬರುತ್ತದೆ. ಅವನು ಲೋಕವನ್ನು ಉದ್ಧರಿಸಲು ಹೊರಡುವುದಿಲ್ಲ, ದೂರದರ್ಶನದಲ್ಲಿ ಪ್ರದರ್ಶನ ಕೊಟ್ಟು ಹಣ ಮಾಡಲು ಹೊರಡುತ್ತಾನೆ. ಅವನ ಸಂಕಲ್ಪ ಇಷ್ಟು: ನನ್ನನ್ನು ಪ್ರೀತಿಸಿದವರು ಈ ಇಬ್ಬರೇ, ಇವರನ್ನು ಸುಖವಾಗಿಡುತ್ತೇನೆ, ಉಳಿದ ಲೋಕ ಹಾಳಾಗಿ ಹೋಗಲಿ. ಅದೇ ದಿನಗಳಲ್ಲಿ ಅವನ ಕಣ್ಣೆದುರೇ ಒಬ್ಬ ಕಳ್ಳ ಓಡುತ್ತಾನೆ. ಪೊಲೀಸಿನವನು ಹಿಡಿ ಎಂದು ಕೂಗುತ್ತಾನೆ. ಇವನು ಕೈಕಟ್ಟಿ ನಿಲ್ಲುತ್ತಾನೆ. ಕೆಲವು ದಿನಗಳ ಮೇಲೆ ಮನೆಗೆ ಬಂದಾಗ ದೊಡ್ಡಪ್ಪ ಕೊಲೆಯಾಗಿರುತ್ತಾನೆ. ಬೆನ್ನಟ್ಟಿ ಹಿಡಿದು ನೋಡಿದರೆ ಕೊಂದವನು ಅದೇ ಕಳ್ಳ.

ಈ ಕಥೆಯನ್ನು ಸ್ವಾರ್ಥಕ್ಕೆ ಸಿಕ್ಕ ಶಿಕ್ಷೆ ಎಂದು ಓದುವುದು ವಾಡಿಕೆ. ನನಗೆ ಹಾಗೆ ತೋರುವುದಿಲ್ಲ. ಹುಡುಗ ಸ್ವಾರ್ಥಿಯಲ್ಲ, ತನ್ನವರಿಗಾಗಿ ಪ್ರಾಣ ಕೊಡಬಲ್ಲವನು. ಅವನ ತಪ್ಪು ಬೇರೆ. ಹೊಸ್ತಿಲ ಒಳಗಿನದು ತನ್ನದು, ಹೊಸ್ತಿಲ ಹೊರಗಿನದು ತನ್ನದಲ್ಲ ಎಂದು ಅವನು ಒಂದು ಗೆರೆ ಎಳೆದ. ಕಳ್ಳನಿಗೆ ಆ ಗೆರೆ ಕಾಣಲಿಲ್ಲ. ಹೊರಗೆ ಬಿಟ್ಟ ಕೇಡು ದಾರಿ ಕೇಳಿಕೊಂಡು ತನ್ನ ಮನೆಯ ಬಾಗಿಲಿಗೇ ಬಂದಿತು. ‘ನಮ್ಮ ಮನೆ, ನಮ್ಮ ಮಕ್ಕಳು, ನಮಗೇಕೆ ಊರ ಉಸಾಬರಿ’ ಎಂದು ಬದುಕುವ ನಾವೆಲ್ಲ ಒಮ್ಮೆ ನಿಂತು ಯೋಚಿಸಬೇಕಾದ ಮಾತು ಇದು.

ಇನ್ನು ಗುರುವಿನ ವಿಚಾರ. ಶಕ್ತಿ ದೊಡ್ಡದಾದಂತೆ ಹೊಣೆಯೂ ದೊಡ್ಡದಾಗುತ್ತದೆ ಎಂಬ ಉಪದೇಶ ಸ್ಪೈಡರ್‌ಮ್ಯಾನನ ಹೆಸರಿನೊಂದಿಗೆ ಜಗತ್ತಿನಲ್ಲೆಲ್ಲ ಹಬ್ಬಿದೆ. ಅದು ದೊಡ್ಡಪ್ಪ ಬೆನ್ ಹುಡುಗನಿಗೆ ಹೇಳಿದ ಬುದ್ಧಿಮಾತು ಎಂದೇ ಬಹುಜನ ನಂಬಿದ್ದಾರೆ. ಆದರೆ 1962ರ ಮೂಲ ಕಥೆಯಲ್ಲಿ ಆತ ಆ ಮಾತನ್ನು ಆಡುವುದೇ ಇಲ್ಲ. ಕೊನೆಯ ಚಿತ್ರದಲ್ಲಿ, ಹುಡುಗ ಇರುಳಿನಲ್ಲಿ ಒಂಟಿಯಾಗಿ ನಡೆದುಹೋಗುವಾಗ, ಕಥೆ ಹೇಳುವವನ ಮಾತಾಗಿ ಅದು ಬರುತ್ತದೆ. ಮುಂದಿನ ಬರಹಗಾರರು ಅದನ್ನು ಸತ್ತವನ ಬಾಯಿಗೆ ತಂದಿಟ್ಟರು, ಓದುಗರು ಒಪ್ಪಿಕೊಂಡರು. ಇದು ಮರೆವಿನಿಂದಾದ ತಪ್ಪೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ನಮ್ಮ ಏಕಲವ್ಯನಿಗೆ ದ್ರೋಣ ಏನನ್ನು ಕಲಿಸಿದ? ಏನನ್ನೂ ಇಲ್ಲ. ಶಿಷ್ಯನೇ ಮಣ್ಣಿನಿಂದ ಗುರುವನ್ನು ಮಾಡಿಕೊಂಡ. ಆ ಮಣ್ಣಿನ ಮುಂದೆ ನಿಂತು ವಿದ್ಯೆಯನ್ನು ತಾನೇ ಕಲಿತ. ಪೀಟರನೂ ಹಾಗೆಯೇ. ಕೆಲವೇ ಚಿತ್ರಗಳಲ್ಲಿ ಕಾಣಿಸಿಕೊಂಡು ಮರೆಯಾದ ಒಬ್ಬ ಸಾಧಾರಣ ಗೃಹಸ್ಥನ ನೆನಪಿನಿಂದ ಅವನು ತನಗೊಬ್ಬ ಗುರುವನ್ನು ಕಟ್ಟಿಕೊಂಡ. ನಮ್ಮ ಹಿರಿಯರು ನಮಗೆ ಹೇಳಿದರೆಂದು ನಾವು ನೆನೆಯುವ ಎಷ್ಟೋ ಮಾತುಗಳು ಅವರು ಆಡಿದವಲ್ಲ, ಅವರ ಬದುಕನ್ನು ಕಂಡು ನಾವು ತಿಳಿದುಕೊಂಡವು. ಏಕಲವ್ಯ ದಕ್ಷಿಣೆಯಾಗಿ ಹೆಬ್ಬೆರಳು ಕೊಟ್ಟ. ಈ ಹುಡುಗ ತನ್ನ ನೆಮ್ಮದಿಯನ್ನು ಕೊಟ್ಟ.

ದುಡಿಯುವ ಗಂಡಸು ಹೋದ ಮನೆಯ ಪಾಡು ಏನೆಂದು ನಿಮಗೆ ಗೊತ್ತು. 1963ರಲ್ಲಿ ಸ್ಪೈಡರ್‌ಮ್ಯಾನನ ಹೆಸರಿನದೇ ಪತ್ರಿಕೆ ಹೊರಟಿತು. ಅದರ ಮೊದಲ ಸಂಚಿಕೆಯಲ್ಲಿ ಅತಿಮಾನವನಿಗೆ ಎದುರಾಗುವ ಮೊದಲ ಶತ್ರು ಮನೆಯ ಬಾಡಿಗೆ! ಪ್ರದರ್ಶನಕ್ಕೆಂದು ಅವನಿಗೆ ಚೆಕ್ಕು ಸಿಗುತ್ತದೆ. ಸ್ಪೈಡರ್‌ಮ್ಯಾನ್ ಎಂಬ ಹೆಸರಿಗೆ ಬರೆದ ಚೆಕ್ಕನ್ನು ಬ್ಯಾಂಕಿನವರು ನಗದು ಮಾಡುವುದಿಲ್ಲ, ಉಡುಪನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದಲ್ಲ ಎನ್ನುತ್ತಾರೆ. ಇತ್ತ ದೊಡ್ಡಮ್ಮ ಸದ್ದಿಲ್ಲದೆ ತನ್ನ ಒಡವೆಗಳನ್ನು ಗಿರವಿ ಅಂಗಡಿಗೆ ಒಯ್ಯುತ್ತಾಳೆ. ಅದನ್ನು ಹುಡುಗ ಕಾಣುತ್ತಾನೆ. ಈ ಚಿತ್ರದ ಮುಂದೆ ನಾನು ಬಹಳ ಹೊತ್ತು ಕುಳಿತುಬಿಟ್ಟೆ. ಏಕೆಂಬುದನ್ನು ಕಡೆಯಲ್ಲಿ ಹೇಳುತ್ತೇನೆ.

ಅವನು ಕೊನೆಗೆ ಹೊಟ್ಟೆಪಾಡು ಕಂಡುಕೊಂಡದ್ದು ಒಂದು ಪತ್ರಿಕಾಲಯದಲ್ಲಿ. ಅಲ್ಲಿಯ ಒಡೆಯ ಜೇಮ್ಸನ್ ಸ್ಪೈಡರ್‌ಮ್ಯಾನನನ್ನು ಲೋಕಕಂಟಕನೆಂದು ದಿನವೂ ಬಯ್ಯುವವನು. ಆ ಬೈಗುಳದ ಪಕ್ಕದಲ್ಲಿ ಅಚ್ಚಾಗುವ ಛಾಯಾಚಿತ್ರಗಳನ್ನು ತೆಗೆದು ಮಾರುವವನು ಸ್ವತಃ ಪೀಟರ್! ತನ್ನ ನಿಂದೆಯಿಂದಲೇ ತನ್ನ ಮನೆಯ ಒಲೆ ಉರಿಯಬೇಕೆಂಬ ಈ ವ್ಯಂಗ್ಯ ಒಳ್ಳೆಯ ನಾಟಕಕಾರನಿಗೆ ಹೊಳೆಯಬೇಕಾದದ್ದು. ಆದರೆ ಅದೇ ಕಚೇರಿಯಲ್ಲಿ 1967ರಲ್ಲಿ ಜೋ ರಾಬರ್ಟ್‌ಸನ್ ಎಂಬ ಸಂಪಾದಕ ಬರುತ್ತಾನೆ. ಆತ ಕರಿಯ ಜನಾಂಗದವನು. ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಹೋರಾಟ ಕಾವೇರಿದ್ದ ಆ ವರ್ಷಗಳಲ್ಲಿ, ನಗೆಪಾಟಲಿನ ವಸ್ತುವಾಗಿಸದೆ, ವಿವೇಕಿಯೂ ನಿರ್ಭೀತನೂ ಆದ ಮನುಷ್ಯನನ್ನಾಗಿ ಅವನನ್ನು ಚಿತ್ರಿಸಿದ್ದು ಸಣ್ಣ ಸಂಗತಿಯಲ್ಲ. ಒಡೆಯನ ಸಿಟ್ಟಿಗೂ ಹುಡುಗನ ಮಾನಕ್ಕೂ ನಡುವೆ ಅವನೊಂದು ತಡೆಗೋಡೆ.

ಇನ್ನೊಬ್ಬ ಹಿರಿಯ ನಿವೃತ್ತ ಪೊಲೀಸ್ ಅಧಿಕಾರಿ ಕ್ಯಾಪ್ಟನ್ ಜಾರ್ಜ್ ಸ್ಟೇಸಿ. ಪೀಟರ್ ಪ್ರೀತಿಸಿದ ಗ್ವೆನ್ ಎಂಬ ಹುಡುಗಿಯ ತಂದೆ. 1970ರ ಸಂಚಿಕೆಯೊಂದರಲ್ಲಿ ಕುಸಿದು ಬೀಳುವ ಕಲ್ಲುಗಳಡಿಯಿಂದ ಒಂದು ಮಗುವನ್ನು ಪಾರುಮಾಡಲು ಹೋಗಿ ಆತ ತಾನು ಸಾಯುತ್ತಾನೆ. ಪ್ರಾಣ ಬಿಡುವಾಗ ಮುಸುಕಿನವನನ್ನು ಹೆಸರು ಹಿಡಿದು ಕರೆದು, ಮಗಳನ್ನು ನೋಡಿಕೊ ಎನ್ನುತ್ತಾನೆ. ಗುಟ್ಟು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಆಡಿರಲಿಲ್ಲ. ಯಾವ ಶಕ್ತಿಯೂ ಇಲ್ಲದ ಮುದುಕ ಅತಿಮಾನವನ ಕೆಲಸವನ್ನು ಮಾಡಿ ತೋರಿಸಿ ಹೋದ. ಗುರುವೆಂದರೆ ಇವನೂ ಗುರುವೇ.

ಈ ಸರಣಿಯಲ್ಲಿ ನನಗೆ ಅತ್ಯಂತ ಹಿಡಿಸಿದ್ದು 1966ರ 33ನೆಯ ಸಂಚಿಕೆ. ದೊಡ್ಡಮ್ಮ ಆಸ್ಪತ್ರೆಯಲ್ಲಿ ಸಾವಿನ ಅಂಚಿನಲ್ಲಿದ್ದಾಳೆ. ಕಾರಣ, ಹಿಂದೊಮ್ಮೆ ಅವಳಿಗೆ ಕಾಯಿಲೆಯಾದಾಗ ಹುಡುಗ ತನ್ನ ರಕ್ತವನ್ನು ಕೊಟ್ಟಿದ್ದ. ಅದರಲ್ಲಿದ್ದ ವಿಕಿರಣವೇ ಈಗ ಅವಳನ್ನು ಕೊಲ್ಲುತ್ತಿದೆ. ಪ್ರೀತಿಯಿಂದ ಕೊಟ್ಟದ್ದೇ ವಿಷವಾಯಿತು. ಮದ್ದು ತರಲು ಹೋದವನು ನೀರು ತುಂಬುತ್ತಿರುವ ಒಂದು ಅಡಗುದಾಣದಲ್ಲಿ ಬೃಹತ್ತಾದ ಯಂತ್ರದಡಿ ಸಿಕ್ಕಿಬೀಳುತ್ತಾನೆ. ಮದ್ದಿನ ಪಾತ್ರೆ ಕೈಗೆಟುಕದ ದೂರದಲ್ಲಿದೆ. ಜೇಡ ಕೊಟ್ಟ ಶಕ್ತಿ ಆಗಲೇ ಸೋತಿದೆ. ಡಿಟ್ಕೊ ಚಿತ್ರಗಳನ್ನು ಬರಬರುತ್ತ ಹಿಗ್ಗಿಸುತ್ತ ಹೋಗುತ್ತಾರೆ. ದೊಡ್ಡಪ್ಪನ ಮುಖ, ದೊಡ್ಡಮ್ಮನ ಮುಖ ಅವನ ಮನಸ್ಸಿನಲ್ಲಿ ಮೂಡುತ್ತವೆ. ಅಂಗುಲ ಅಂಗುಲವಾಗಿ ಭಾರ ಮೇಲೇಳುತ್ತದೆ. ಕೊನೆಗೆ ಇಡೀ ಪುಟವನ್ನು ತುಂಬಿ ಅವನು ಎದ್ದು ನಿಲ್ಲುತ್ತಾನೆ. ಆ ಭಾರವನ್ನು ಎತ್ತಿದ್ದು ಯಾರು? ಜೇಡವಲ್ಲ, ದೊಡ್ಡಮ್ಮನ ಮನೆಯ ಅನ್ನ. ಮದ್ದನ್ನು ಸಿದ್ಧಪಡಿಸಲು ನೆರವಾದ ವಿಜ್ಞಾನಿ ಡಾಕ್ಟರ್ ಕಾನರ್ಸ್ ಹಿಂದೊಮ್ಮೆ ತನ್ನದೇ ಪ್ರಯೋಗದಿಂದ ಹಲ್ಲಿಯ ರೂಪದ ರಾಕ್ಷಸನಾಗಿ ಇವನೊಡನೆ ಹೋರಾಡಿದವನು. ನಿನ್ನೆಯ ವೈರಿ ಇಂದಿನ ಬಂಧು.

ಆದರೆ ಎಲ್ಲ ಭಾರವನ್ನೂ ಎತ್ತಲಾಗುವುದಿಲ್ಲ. 1973ರ 121ನೆಯ ಸಂಚಿಕೆಯಲ್ಲಿ ಶತ್ರುವೊಬ್ಬ ಗ್ವೆನ್‌ಳನ್ನು ಸೇತುವೆಯ ಮೇಲಿನಿಂದ ತಳ್ಳುತ್ತಾನೆ. ಸ್ಪೈಡರ್‌ಮ್ಯಾನ್ ಬೀಸಿದ ಬಲೆಯ ಎಳೆ ಅವಳ ಕಾಲನ್ನು ಹಿಡಿಯುತ್ತದೆ. ಆ ಜಗ್ಗಿನಲ್ಲೇ ಅವಳ ಕೊರಳು ಮುರಿಯುತ್ತದೆ. ಕಾಪಾಡಿದೆನೆಂದು ನಗುತ್ತ ಮೇಲೆ ಎಳೆದುಕೊಂಡವನ ಕೈಗೆ ಸಿಕ್ಕುವುದು ಹೆಣ. ಆ ಶತ್ರುವಾದರೋ ಪೀಟರನ ಆಪ್ತ ಗೆಳೆಯ ಹ್ಯಾರಿಯ ತಂದೆ. ಮುಂದಿನ ಸಂಚಿಕೆಯ ಕೊನೆಯಲ್ಲಿ ಮೇರಿ ಜೇನ್ ಎಂಬ ಹುಡುಗಿ ಸಂತೈಸಲು ಬರುತ್ತಾಳೆ. ಅದುವರೆಗೆ ಕುಣಿತ ನಗೆಗಳಲ್ಲೇ ತೇಲುತ್ತಿದ್ದವಳು. ಪೀಟರ್ ಅವಳ ಮನಸ್ಸು ನೋಯುವಂತೆ ಬಿರುನುಡಿದು ಹೊರಗೆ ಹೋಗೆನ್ನುತ್ತಾನೆ. ಅವಳು ಬಾಗಿಲವರೆಗೆ ಹೋಗಿ ನಿಲ್ಲುತ್ತಾಳೆ. ಆಮೇಲೆ ಒಳಗೇ ಉಳಿದು ಬಾಗಿಲನ್ನು ಮುಚ್ಚುತ್ತಾಳೆ. ಒಂದು ಮಾತಿಲ್ಲ. ದುಃಖಿತನ ಬಳಿ ಸುಮ್ಮನೆ ಕೂರಬಲ್ಲವರೇ ನಿಜವಾದ ನೆಂಟರೆಂಬುದನ್ನು ಸಾವಿನ ಮನೆ ಕಂಡವರೆಲ್ಲ ಬಲ್ಲರು.

ಹೆತ್ತವರ ಕಥೆ ತಿಳಿದದ್ದು ತಡವಾಗಿ, 1968ರ ವಾರ್ಷಿಕ ಸಂಚಿಕೆಯಲ್ಲಿ. ಅವರು ದೇಶಕ್ಕಾಗಿ ಗುಟ್ಟಾಗಿ ಕೆಲಸ ಮಾಡುತ್ತ ಪ್ರಾಣ ತೆತ್ತ ಗೂಢಚಾರರಂತೆ. ದ್ರೋಹಿಗಳೆಂಬ ಅಪವಾದ ಅವರ ಮೇಲಿತ್ತಂತೆ. ಹುಡುಗ ಆಲ್ಜೀರಿಯಕ್ಕೆ ಹೋಗಿ ಆ ಕಳಂಕವನ್ನು ತೊಳೆಯುತ್ತಾನೆ. ತೊಳೆದು ಬಂದದ್ದು ಮಾತ್ರ ದೊಡ್ಡಮ್ಮನ ಮನೆಗೆ. ಇಲ್ಲಿ ನನಗೆ ಕರ್ಣನ ನೆನಪಾಯಿತು. ನೀನು ಕುಂತಿಯ ಮಗ, ರಾಜ್ಯ ನಿನ್ನದು ಎಂದು ಕೃಷ್ಣ ಹೇಳಿದಾಗ ವ್ಯಾಸರ ಕರ್ಣ ಕೊಡುವ ಉತ್ತರದಲ್ಲಿ ರಾಧೆ ಬರುತ್ತಾಳೆ: ನನ್ನನ್ನು ಕಂಡ ವಾತ್ಸಲ್ಯದಿಂದ ಅವಳ ಎದೆಯಲ್ಲಿ ಹಾಲು ಉಕ್ಕಿತು, ಅವಳನ್ನು ಬಿಟ್ಟು ನಾನು ಹೇಗೆ ಬರಲಿ ಎಂದು. ಹುಟ್ಟಿನ ಹಿರಿಮೆ ಗೊತ್ತಾದ ಮೇಲೂ ಸಾಕಿದವಳ ಮಗನಾಗಿಯೇ ಉಳಿಯುವುದು ಒಂದು ದೊಡ್ಡ ಪದವಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ದೂರನ್ನೂ ಹೇಳಬೇಕು. ಸುಮಾರು 40 ವರ್ಷ ಈ ಕಥೆಗಾರರು ದೊಡ್ಡಮ್ಮನಿಗೆ ಒಂದು ಅನ್ಯಾಯ ಮಾಡಿದರು. ಅವಳ ಹೃದಯ ದುರ್ಬಲ, ನಿಜ ತಿಳಿದರೆ ಬದುಕಲಾರಳು ಎಂದು ಹುಡುಗ ದಿನವೂ ಸುಳ್ಳು ಹೇಳುತ್ತ ಬಂದ. ಗಾಯವಾದರೆ ಬಿದ್ದೆನೆಂದ, ರಾತ್ರಿಯೆಲ್ಲ ಬಾರದಿದ್ದರೆ ಓದುತ್ತಿದ್ದೆನೆಂದ. ಇದು ಪ್ರೀತಿಯೇ, ಆದರೆ ಅದರೊಳಗೆ ಸ್ವಲ್ಪ ಅವಮಾನವೂ ಸೇರಿದೆ. ಗಂಡನನ್ನು ಕಳೆದುಕೊಂಡು, ಒಡವೆ ಮಾರಿ, ಅನಾಥ ಹುಡುಗನನ್ನು ದಡ ಮುಟ್ಟಿಸಿದವಳು ಒಂದು ನಿಜವನ್ನು ತಡೆದುಕೊಳ್ಳಲಾರಳೆ?

ಉತ್ತರ ಬಂದದ್ದು 2002ರಲ್ಲಿ. ಸ್ಟ್ರಾಜಿನ್‌ಸ್ಕಿ ಎಂಬವರು ಬರೆದ ಒಂದು ಸಂಚಿಕೆಯಲ್ಲಿ ಹೊಡೆದಾಟವಿಲ್ಲ, ಖಳನಿಲ್ಲ. ಗಾಯಗೊಂಡು ಮಲಗಿದ್ದ ಹುಡುಗನನ್ನು, ಪಕ್ಕದಲ್ಲಿದ್ದ ಹರಿದ ಉಡುಪನ್ನು ದೊಡ್ಡಮ್ಮ ಕಂಡಿದ್ದಾಳೆ. ಇಬ್ಬರೂ ಕುಳಿತು ಮಾತನಾಡುತ್ತಾರೆ. ಇಡೀ ಸಂಚಿಕೆ ಆ ಮಾತೇ. ಕಳ್ಳನನ್ನು ಹಿಡಿಯದೆ ಬಿಟ್ಟವನು ತಾನೆಂದು ಹುಡುಗ ಒಪ್ಪಿಕೊಳ್ಳುತ್ತಾನೆ. ಆಗ ಅವಳೂ ತನ್ನದೊಂದನ್ನು ಹೇಳುತ್ತಾಳೆ: ಆ ರಾತ್ರಿ ಗಂಡನೊಡನೆ ತನಗೆ ಜಗಳವಾಗಿತ್ತು, ಅವನ ಸಾವಿಗೆ ತಾನೇ ಕಾರಣವೆಂದು ಇಷ್ಟು ವರ್ಷ ಕೊರಗಿದೆನೆಂದು. ಒಂದೇ ಮನೆಯಲ್ಲಿ, ಒಂದೇ ಮೇಜಿನ ಎದುರುಬದುರು ಕುಳಿತು ಉಣ್ಣುತ್ತ, ಇಬ್ಬರೂ ಒಂದೇ ಹೊರೆಯನ್ನು ಬೇರೆ ಬೇರೆಯಾಗಿ ಹೊತ್ತಿದ್ದರು! ನಿಜ ತಿಳಿದು ಅವಳು ಸಾಯಲಿಲ್ಲ, ನೆಟ್ಟಗೆ ನಿಂತಳು. ಅದುವರೆಗೆ ಸಾಕಬೇಕಾದವಳಾಗಿದ್ದವಳು ಅಂದಿನಿಂದ ಜೊತೆಗಾತಿಯಾದಳು.

ಕಥೆ ಅಲ್ಲಿಗೆ ನಿಲ್ಲಲಿಲ್ಲವೆಂಬುದು ಬೇರೆ ಮಾತು. 2007ರಲ್ಲಿ ಅವಳ ಪ್ರಾಣ ಉಳಿಸಲು ಪೀಟರ್ ತನಗೂ ಮೇರಿ ಜೇನ್‌ಗೂ ಆಗಿದ್ದ ಮದುವೆಯನ್ನೇ ಒಬ್ಬ ಪಿಶಾಚನಿಗೆ ಒತ್ತೆಯಿಟ್ಟನೆಂದು ಬರೆದರು; ಓದುಗರು ಬಹಳ ಸಿಟ್ಟಾದರು. ಸಂಸಾರದ ಒಂದು ಬೇರನ್ನು ಕಡಿದು ಇನ್ನೊಂದಕ್ಕೆ ನೀರೆರೆಯುವ ಆ ಉಪಾಯ ನನಗೂ ರುಚಿಸಲಿಲ್ಲ. ದೊಡ್ಡಮ್ಮನನ್ನು ಕೇಳಿದ್ದರೆ ಅವಳು ಒಪ್ಪುತ್ತಿರಲಿಲ್ಲ. ಕೇಳಲಿಲ್ಲವಲ್ಲ! 2004ರಲ್ಲಿ ನಮ್ಮ ದೇಶದವರೇ ಸೇರಿ ಈ ಕಥೆಯನ್ನು ಮುಂಬಯಿಗೆ ತಂದು ಕೂರಿಸಿದಾಗ, ಹುಡುಗನಿಗೆ ಪವಿತ್ರ ಪ್ರಭಾಕರ್ ಎಂದು ಹೆಸರಿಟ್ಟರು. ಉಡುಪಿಗೆ ಧೋತರ ಸೇರಿಸಿದರು. ಆದರೆ ಸಾಕಿದ ಇಬ್ಬರನ್ನು ಬಿಡಲಾಗಲಿಲ್ಲ. ಮಾಯಾ, ಭೀಮ್ ಎಂದು ಹೆಸರು ಬದಲಿಸಿ ಉಳಿಸಿಕೊಂಡರು. ಅವರಿಲ್ಲದೆ ಈ ಕಥೆ ನಿಲ್ಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಗಿರವಿ ಅಂಗಡಿಯ ಚಿತ್ರದ ಮುಂದೆ ಏಕೆ ಕುಳಿತುಬಿಟ್ಟೆನೆಂದು ಹೇಳುತ್ತೇನೆಂದಿದ್ದೆ. ನನ್ನನ್ನು ಸಾಕಿದವಳೂ ದೊಡ್ಡಮ್ಮನೇ. ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕಟ್ಟಬೇಕಾಗಿದ್ದ ವರ್ಷ, ಒಂದು ಸಂಜೆ, ಪೇಟೆ ಬೀದಿಯ ಗಿರವಿ ಅಂಗಡಿಯ ಮೆಟ್ಟಿಲನ್ನು ಅವಳು ತಲೆಯ ಮೇಲೆ ಸೆರಗೆಳೆದುಕೊಂಡು ಇಳಿಯುತ್ತಿದ್ದುದನ್ನು ಎದುರು ಸಾಲಿನಿಂದ ನೋಡಿದೆ. ರಾತ್ರಿ ಬಡಿಸುವಾಗ ಅವಳ ಕೈಯಲ್ಲಿ ಗಾಜಿನ ಬಳೆಗಳು ಮಾತ್ರ ಇದ್ದವು. ನಾನು ನೋಡಿದ್ದನ್ನು ಕಂಡು, “ಚಿನ್ನದ್ದು ಭಾರ ಕಣೋ, ಹಿಟ್ಟು ನಾದುವಾಗ ಅಡ್ಡ ಬರುತ್ತೆ, ತೆಗೆದಿಟ್ಟೆ” ಎಂದಳು. “ಹೂಂ ದೊಡ್ಡಮ್ಮ” ಎಂದೆ. ಅಷ್ಟೇ. ನನಗೆ ಕೆಲಸ ಸಿಕ್ಕ ಮೇಲೆ ಹೊಸ ಬಳೆ ಮಾಡಿಸಿಕೊಟ್ಟೆ. ಆದರೆ ಅಂದು ನಾನು ಕಂಡಿದ್ದೆನೆಂಬುದನ್ನು ಹೇಳಲಿಲ್ಲ. ಅವಳ ಮನಸ್ಸಿಗೆ ನೋವಾಗದಿರಲಿ ಎಂದುಕೊಂಡೆ. ನಿಜವಾಗಿ ನನಗೇ ಧೈರ್ಯ ಸಾಲಲಿಲ್ಲ. ಈಗ ಅವಳಿಲ್ಲ.

ಮಕ್ಕಳ ಪುಸ್ತಕವೆಂದು ನಾವು ಬದಿಗಿಡುವ ಒಂದು ಬಣ್ಣದ ಪುಸ್ತಕದಲ್ಲಿ, ಸಮುದ್ರದಾಚೆಯ ಯಾವುದೋ ಊರಿನ ಹುಡುಗನೊಬ್ಬ, ನಾನು ಆಡದೆ ಉಳಿಸಿಕೊಂಡ ಮಾತನ್ನು ತನ್ನ ದೊಡ್ಡಮ್ಮನ ಮುಂದೆ ಆಡಿಬಿಟ್ಟ. ಅವನಿಗೆ 40 ವರ್ಷ ಹಿಡಿಯಿತು. ಆದರೂ ಅವಳು ಇರುವಾಗಲೇ ಆಡಿದ. ಗೋಡೆ ಹತ್ತುವ ಅವನ ವಿದ್ಯೆಯ ಮೇಲೆ ನನಗೆ ಅಸೂಯೆಯಿಲ್ಲ. ಈ ಒಂದರ ಮೇಲೆ ಇದೆ.

ನಿಮ್ಮ ಮನೆಯಲ್ಲಿ ಅಂಥವರೊಬ್ಬರು ಇನ್ನೂ ಇದ್ದರೆ, ಈ ಭಾಷಣ ಮುಗಿದ ಮೇಲೆ ಒಂದು ಗಳಿಗೆ ಅವರ ಬಳಿ ಹೋಗಿ ಕುಳಿತುಕೊಳ್ಳಿ.